ಹಳೆ ಟ್ರಕ್ಕಿನ ಎಸಿಗೆ ಮರುಜೀವ: ಗ್ಯಾಸ್ ತುಂಬೋದು ಕಟ್ಟಕಡೆಗೆ

ನನ್ನ ಹಳೆ ಟ್ರಕ್ಕಿನ ಎಸಿ ಹಾಕಿದರೆ ಬ್ಲೋವರ್ ಜೋರಾಗಿ ತಿರುಗುತ್ತಿತ್ತು, ಬರುತ್ತಿದ್ದದ್ದು ಮಾತ್ರ ಬಿಸಿ ಗಾಳಿ. ನೋಡಿದವರೆಲ್ಲ ಹೇಳಿದ್ದು ಒಂದೇ: "ಗ್ಯಾಸ್ ತುಂಬಿಸು." ಆದರೆ ಗ್ಯಾಸ್ ಡೀಸೆಲ್ಲಿನ ಹಾಗೆ ಉರಿದು ಹೋಗುವುದಿಲ್ಲ, ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಖಾಲಿಯಾಗಿದೆ ಅಂದರೆ ಎಲ್ಲೋ ಸೋರಿದೆ. ಅದನ್ನು ಹುಡುಕದೆ ತುಂಬಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮೊದಲು ಟಾರ್ಚ್ ಹಿಡಿದು ನೋಡಿ. ಸೋರುವ ಗ್ಯಾಸ್ ತನ್ನ ಜೊತೆ ಎಣ್ಣೆಯನ್ನೂ ತರುತ್ತದೆ, ಎಣ್ಣೆಗೆ ಧೂಳು ಮೆತ್ತುತ್ತದೆ. ಜಾಯಿಂಟುಗಳು, ಹೋಸಿನ ತುದಿಗಳು, ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರಿನ ಕ್ಲಚ್ಚಿನ ಹಿಂಭಾಗ, ಇಲ್ಲೆಲ್ಲ ಕಪ್ಪು ಜಿಡ್ಡು ಕಂಡರೆ ಅನುಮಾನಿಸಿ. ನನಗೆ ಸಿಕ್ಕಿದ್ದು ಬಿಸಿ ಗ್ಯಾಸನ್ನು ತಣಿಸುವ ಕಂಡೆನ್ಸರಿನ ಕೆಳಗಿನ ಜಾಯಿಂಟಿನಲ್ಲಿ. ಬಿಚ್ಚಿದರೆ ಓ-ರಿಂಗ್ (ಜಾಯಿಂಟ್ ಸೋರದಂತೆ ಹಾಕುವ ರಬ್ಬರ್ ಬಳೆ) ಚಪ್ಪಟೆಯಾಗಿತ್ತು, ಉಗುರು ತಾಗಿಸಿದರೆ ಪುಡಿಪುಡಿ. ಒಂದು ಹೀಗಾಗಿದೆ ಅಂದರೆ ಮಿಕ್ಕವೂ ಅದೇ ವಯಸ್ಸಿನವು, ಎಲ್ಲವನ್ನೂ ಬದಲಿಸಿ.

ಬಿಚ್ಚುವ ಮುಂಚೆ ಉಳಿದ ಗ್ಯಾಸನ್ನು ರಿಕವರಿ ಮೆಷಿನ್ ಇರುವವರ ಹತ್ತಿರ ತೆಗೆಸಿ, ಗಾಳಿಗೆ ಬಿಡಬೇಡಿ. ಬಾನೆಟ್ ಕೆಳಗಿನ ಸ್ಟಿಕರಿನಲ್ಲಿ ಯಾವ ಗ್ಯಾಸ್ ಅಂತ ಬರೆದಿರುತ್ತದೆ. ಓಜೋನ್ ಕೆಡಿಸುವ ಆರ್-12 ಆಗಿದ್ದರೆ, ಅಂದರೆ 1990ರ ದಶಕದ ಆರಂಭಕ್ಕಿಂತ ಹಿಂದಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು, ಆರ್-134ಎಗೆ ಬದಲಾಯಿಸಬೇಕು. ಹಳೆಯ ಮಿನರಲ್ ಆಯಿಲ್ ಇದರೊಂದಿಗೆ ಬೆರೆಯದು. ತೊಳೆದು ತೆಗೆದು ಎಸ್ಟರ್ ಆಯಿಲ್ ಹಾಕಿ.

ಕಂಪ್ರೆಸರ್ ಎಣ್ಣೆಯನ್ನು ಬಿಳಿ ತಟ್ಟೆಗೆ ಸುರಿದು ನೋಡಿ. ತಿಳಿಯಾಗಿದ್ದರೆ ನೆಮ್ಮದಿ. ಕಪ್ಪಗಿದ್ದು, ಬೆರಳಲ್ಲಿ ಉಜ್ಜಿದಾಗ ಬೆಳ್ಳಿಪುಡಿಯಂಥ ಮಿನುಗು ಕಂಡರೆ ಕಂಪ್ರೆಸರ್ ಒಳಗೊಳಗೇ ಸವೆದಿದೆ. ಆಗ ಕಂಪ್ರೆಸರಿನ ಜೊತೆ, ಗ್ಯಾಸನ್ನು ಸಣ್ಣ ಕಿಂಡಿಯಿಂದ ಚಿಮ್ಮಿಸಿ ತಂಪು ಮಾಡುವ ಎಕ್ಸ್‌ಪ್ಯಾನ್ಶನ್ ವಾಲ್ವೂ ಕಂಡೆನ್ಸರೂ ಹೊಸದೇ ಆಗಲಿ. ಚಪ್ಪಟೆ ಕೊಳವೆಯ ಕಂಡೆನ್ಸರಿನ ಸಣ್ಣ ಸಂದುಗಳಿಂದ ಆ ಪುಡಿ ತೊಳೆದರೂ ಪೂರ್ತಿ ಹೋಗುವುದಿಲ್ಲ.

ಇನ್ನು ಡ್ರೈಯರ್, ಅಂದರೆ ಗ್ಯಾಸಿನಲ್ಲಿರುವ ತೇವ ಹೀರುವ ಡಬ್ಬಿ. ಇಲ್ಲಿ ನಾನೇ ಎಡವಿದೆ. ಹೊಸ ಡ್ರೈಯರನ್ನು ಮೊದಲೇ ಕೂರಿಸಿ, ಮುಚ್ಚಳ ತೆಗೆದಿಟ್ಟು ಮಲಗಿದೆ. ರಾತ್ರಿಯಿಡೀ ಮಳೆ. ಒಳಗಿನ ಹರಳುಗಳು ಗಾಳಿಯ ತೇವವನ್ನೆಲ್ಲ ಹೀರಿ ಕೂತವು. ಆಮೇಲೆ ಎಸಿ ಹತ್ತು ನಿಮಿಷ ತಂಪು, ಐದು ನಿಮಿಷ ಬಿಸಿ, ಮತ್ತೆ ತಂಪು: ಎಕ್ಸ್‌ಪ್ಯಾನ್ಶನ್ ವಾಲ್ವಿನಲ್ಲಿ ನೀರು ಮಂಜುಗಟ್ಟಿ ಕರಗುವ ಆಟ. ಎಲ್ಲ ಮತ್ತೆ ಬಿಚ್ಚಿದೆ. ಡ್ರೈಯರ್ ಕೊನೆಯ ಬಿಡಿಭಾಗ, ಅದು ಕೂತ ತಕ್ಷಣ, ಒಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್.

ಅದಕ್ಕೂ ಮುಂಚೆ, ಹಳೆ ಡ್ರೈಯರ್ ಇರುವಾಗಲೇ, ರೆಗ್ಯುಲೇಟರ್ ಹಾಕಿ 150 ಪಿಎಸ್ಐವರೆಗೆ ನೈಟ್ರೋಜನ್ ತುಂಬಿ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ. ಆಕ್ಸಿಜನ್ ಮಾತ್ರ ಬೇಡವೇ ಬೇಡ, ಎಣ್ಣೆ ಸೇರಿದರೆ ಸಿಡಿಯುತ್ತದೆ. ವ್ಯಾಕ್ಯೂಮ್ ಮುಕ್ಕಾಲು ಗಂಟೆ ಎಳೆಯಲಿ, ನಂತರ ವಾಲ್ವ್ ಮುಚ್ಚಿ ಅರ್ಧ ಗಂಟೆ ಬಿಡಿ. ಗೇಜಿನ ಮುಳ್ಳು ಕದಲಬಾರದು, ಕದಲಿದರೆ ಇನ್ನೂ ಎಲ್ಲೋ ಸೋರುತ್ತಿದೆ.

ಈಗ ಗ್ಯಾಸ್. ಕನ್ನಡಕ ಹಾಕಿಕೊಳ್ಳಿ, ಆರ್-134ಎ ಕ್ಯಾನಿನೊಳಗೆ ಒತ್ತಡದಲ್ಲಿರುವ, ಮೈನಸ್ 26 ಡಿಗ್ರಿಗೇ ಕುದಿಯುವ ದ್ರವ, ಕಣ್ಣಿಗೆ ಬಿದ್ದರೆ ಕಣ್ಣು ಹೋದ ಹಾಗೆಯೇ. ಕಂಪ್ರೆಸರನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ, ಎಣ್ಣೆ ಹರಡಲಿ. ಕ್ಯಾನನ್ನು ತಕ್ಕಡಿಯಲ್ಲಿಟ್ಟು ತೂಕದ ಲೆಕ್ಕದಲ್ಲೇ ತುಂಬಿ. ಆರ್-12ರಿಂದ ಬದಲಾಯಿಸಿದ ಗಾಡಿಗೆ ಸ್ಟಿಕರಿನಲ್ಲಿರುವ ತೂಕದ ಶೇಕಡಾ 80–85 ಸಾಕು. ಎಂಜಿನ್ ಓಡುವಾಗ ಕ್ಯಾನ್ ನೆಟ್ಟಗಿರಲಿ, ಗ್ಯಾಸ್ ಲೋ ಸೈಡಿನಿಂದಲೇ, ಅಂದರೆ ಕಂಪ್ರೆಸರ್ ಎಳೆದುಕೊಳ್ಳುವ ಕಡಿಮೆ ಒತ್ತಡದ ಬದಿಯಿಂದಲೇ ಹೋಗಲಿ. ಹೈ ಸೈಡ್ ವಾಲ್ವ್ ತೆರೆದರೆ ಒತ್ತಡ ತಿರುಗಿ ಕ್ಯಾನಿಗೆ ನುಗ್ಗಿ ಕ್ಯಾನ್ ಒಡೆಯಬಹುದು.

ಇಷ್ಟಾಗಿಯೂ ನನ್ನ ಕ್ಯಾಬಿನ್ ತಣ್ಣಗಾಗಲಿಲ್ಲ. ಗೇಜ್ ಸರಿಯಿತ್ತು, ಪೈಪು ಬೆವರುತ್ತಿತ್ತು. ಕೊನೆಗೆ ಹೀಟರಿಗೆ ಹೋಗುವ ರಬ್ಬರ್ ಹೋಸಿಗೆ ಕ್ಲಾಂಪ್ ಹಾಕಿ ಬಿಗಿದೆ. ಎರಡೇ ನಿಮಿಷ, ಗಾಳಿ ಕೊರೆಯತೊಡಗಿತು. ಹೀಟರ್ ವಾಲ್ವ್ ಪೂರ್ತಿ ಮುಚ್ಚದೆ, ಎಸಿ ತಂಪು ಮಾಡಿದ್ದನ್ನೆಲ್ಲ ಬಿಸಿನೀರು ಮತ್ತೆ ಕಾಯಿಸುತ್ತಿತ್ತು.