ಚಂಡಮಾರುತದ ಮಳೆ ಯಾವ ಕಡೆ? ಕಣದಲ್ಲಿ ಕಾಫಿ ಹರವಿದವರಿಗೆ

ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಸಕಲೇಶಪುರ, ಮೂಡಿಗೆರೆಯ ಕಣಗಳಲ್ಲಿ ಟಾರ್ಪಾಲು ಹೊರಬರುತ್ತದೆ. ಟಿವಿಯಲ್ಲಿ ಹೇಳುವ ಗಾಳಿಯ ವೇಗದಿಂದ ಮಳೆಯ ಅಂದಾಜು ಸಿಗುವುದಿಲ್ಲ. ನೋಡಬೇಕಾದದ್ದು ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ಇರುವ ವ್ಯತ್ಯಾಸ.

ಮೊಬೈಲಿನ ಗಾಳಿ ನಕ್ಷೆಯಲ್ಲಿ ಕೆಳಗಿನ ಗಾಳಿಗೆ 850 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ; ಸುಮಾರು 1.5 ಕಿ.ಮೀ. ಎತ್ತರ), ಆಮೇಲೆ ಮೇಲಿನ ಗಾಳಿಗೆ 200 (ಸುಮಾರು 12 ಕಿ.ಮೀ.) ತೆರೆಯಿರಿ. ಚಂಡಮಾರುತದ ಕೇಂದ್ರದ ಪಕ್ಕದಲ್ಲೇ ಬೆರಳಿಟ್ಟು ಓದಿದರೆ ಲೆಕ್ಕ ಕೆಡುತ್ತದೆ. ಅಲ್ಲಿರುವುದು ಸುಳಿಯದೇ ಗಾಳಿ. ನಾಲ್ಕೂ ದಿಕ್ಕಿನಲ್ಲಿ ಸುಮಾರು 500 ಕಿ.ಮೀ. ದೂರದಲ್ಲಿ ಓದಿ ಸರಾಸರಿ ತೆಗೆಯಿರಿ. ಕೆಳಗೆ ಪೂರ್ವದಿಂದ ಗಂಟೆಗೆ 20 ಕಿ.ಮೀ., ಮೇಲೆ ಪಶ್ಚಿಮದಿಂದ 60 ಎನ್ನಿ. ಎದುರುಬದುರು ಗಾಳಿ, ಕಳೆಯಬೇಡಿ, ಕೂಡಿ: 80, ಪೂರ್ವದ ಕಡೆಗೆ. ಕೇಂದ್ರದಲ್ಲಿ ನಿಂತು ಆ ಕಡೆ ಮುಖ ಮಾಡಿದಿರಿ ಎಂದುಕೊಂಡರೆ ಮುಂದಿನ ಎಡಭಾಗ, ಅಂದರೆ ಈಶಾನ್ಯ, ಹೆಚ್ಚು ನೆನೆಯುತ್ತದೆ. ಕೇಂದ್ರದ ಪಶ್ಚಿಮಕ್ಕಿರುವ ನಮಗೆ ಸಾಮಾನ್ಯವಾಗಿ ಕಮ್ಮಿ. ವ್ಯತ್ಯಾಸ 35ರ ಒಳಗಿದ್ದರೆ ಇಷ್ಟು ಸ್ಪಷ್ಟ ಪಕ್ಷಪಾತ ಇರದು.

ಆದರೆ ಚಂಡಮಾರುತ ನಿಧಾನವಾದರೆ ಈ ಲೆಕ್ಕ ನಂಬಿ ಕೂರಬೇಡಿ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಗಂಟೆಗಟ್ಟಲೆ ಕದಲದೆ ಒಂದೇ ಕಡೆ ಸುರಿಯಿತು.

ಅರಬ್ಬಿ ಸಮುದ್ರದ್ದಾದರೆ ಘಟ್ಟವೇ ಮುಖ್ಯ: ಪಡುವಣ ಗಾಳಿ ಘಟ್ಟ ಏರಿದರೆ ಘಟ್ಟದಂಚಿನ ಕೊಟ್ಟಿಗೆಹಾರಕ್ಕೆ ಮಳೆ, ಪೂರ್ವಕ್ಕಿರುವ ಮಳೆನೆರಳಿನ ಕಡೂರಿಗೆ ಬರೀ ಮೋಡ.

ಮಳೆ ಖಚಿತವೆನಿಸಿದರೆ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ಎರಡು ದಿನ ಮುಂದೂಡಿ, ಹಣ್ಣನ್ನೂ ಕೀಳಬೇಡಿ. ಕಿತ್ತದ್ದು ಚೀಲದಲ್ಲೇ ಹುಳಿಯುತ್ತದೆ. ಆದರೆ ಪೂರ್ತಿ ಮಾಗಿದ ಅರೇಬಿಕಾ ಮಳೆಗೆ ಉದುರುತ್ತದೆ, ಅದನ್ನಷ್ಟೇ ಮಳೆಗೆ ಮೊದಲು ಬಿಡಿಸಿ. ಹಸಿ ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ತೆಗೆದ, ಇನ್ನೂ ಒಣಗದ ಬೀಜ) ರಾಶಿ ಹಾಕಿ ಟಾರ್ಪಾಲು ಬಿಗಿದರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಸೂರಿನಡಿ ತೆಳ್ಳಗೆ ಹರವಿ, ಆಗಾಗ ಕೈಯಾಡಿಸಿ.