ಊರಿನ ಪ್ರಕಾರ ಬಾಕಿ ಪಟ್ಟಿ: ಎಕ್ಸೆಲ್ ಮ್ಯಾಕ್ರೋ ಬರೆಯುವುದು ಹೇಗೆ?

ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ದಾವಣಗೆರೆಯ ದಲ್ಲಾಳಿ ಅಂಗಡಿಗಳಲ್ಲಿ ಲೆಕ್ಕ ಬರೆಯುವವರಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಅದರ ನಡುವೆ ಸಾಹುಕಾರರ ಕೂಗು: ‘ಜಗಳೂರು ಕಡೆಯವರಿಗೆ ಎಷ್ಟು ಕೊಡೋದಿದೆ, ಪಟ್ಟಿ ತೆಗಿಯಪ್ಪಾ.’ ಪ್ರತಿ ಸಲ ಕೈಯಲ್ಲೇ ಫಿಲ್ಟರ್ ಹಾಕಿ ಕಾಪಿ ಮಾಡುವ ಬದಲು ಒಂದು ಸಣ್ಣ ಮ್ಯಾಕ್ರೋ (ಎಕ್ಸೆಲ್ ತಾನೇ ಕೆಲಸ ಮಾಡುವಂತೆ ಬರೆದಿಡುವ ಆದೇಶಗಳು) ಬರೆದಿಟ್ಟರೆ ಸಾಕು.

ಮೊದಲು ಫೈಲಿನ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಮ್ಯಾಕ್ರೋ ಮಾಡಿದ್ದನ್ನು ಕಂಟ್ರೋಲ್ ಝಡ್ ಒತ್ತಿ ವಾಪಸ್ ತರಲು ಆಗುವುದಿಲ್ಲ. ಫೈಲನ್ನು ‘ಮ್ಯಾಕ್ರೋ ಎನೇಬಲ್ಡ್ ವರ್ಕ್‌ಬುಕ್’ ಆಗಿ ಸೇವ್ ಮಾಡಿ. ಆಲ್ಟ್ ಜೊತೆ ಎಫ್11 ಒತ್ತಿ, ಇನ್ಸರ್ಟ್ ಮೆನುವಿನಲ್ಲಿ ಮಾಡ್ಯೂಲ್ ಆರಿಸಿ. ಕೋಡ್ ಬರೆಯುವುದು ಅಲ್ಲೇ. ಕೆಳಗಿನ ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ನಮ್ಮಂಥವರು ಎಡವುವುದು ಇಲ್ಲೇ. ಶೀಟಿನಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತದೆ, ಆದರೆ ಕೋಡ್ ಬರೆಯುವ ಕಿಟಕಿಗೆ ಕನ್ನಡ ಬಾರದು. ‘ಜಗಳೂರು’ ಎಂದು ಹಾಕಿದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಬಂದು ಕೂರುತ್ತವೆ. ಉಪಾಯ ಸುಲಭ. ಊರಿನ ಹೆಸರನ್ನು ಶೀಟಿನ ಎಚ್1 ಕೋಶದಲ್ಲಿ ಬರೆಯಿರಿ, ಕೋಡ್ ಅಲ್ಲಿಂದ ಓದಿಕೊಳ್ಳಲಿ. ನಾಳೆ ಹೊನ್ನಾಳಿ ಪಟ್ಟಿ ಬೇಕಾದರೆ ಕೋಡ್ ಮುಟ್ಟುವ ಕೆಲಸವೂ ಇಲ್ಲ.

ಪಟ್ಟಿ ಎ1ರಿಂದ ಶುರುವಾಗಿದೆ ಎಂದುಕೊಳ್ಳಿ: ದಿನಾಂಕ, ರೈತರ ಹೆಸರು, ಊರು, ಚೀಲ, ಬಾಕಿ. ‘ಆಟೋಫಿಲ್ಟರ್’ ಆದೇಶದಲ್ಲಿ ‘ಫೀಲ್ಡ್’ 3 ಎಂದು ಕೊಡಿ, ಊರು ಮೂರನೇ ಕಾಲಂ ಅಲ್ವಾ? ಈ ಎಣಿಕೆ ಪಟ್ಟಿಯ ಮೊದಲ ಕಾಲಂನಿಂದ, ಶೀಟಿನ ಎ ಕಾಲಂನಿಂದ ಅಲ್ಲ. ‘ಕ್ರೈಟೀರಿಯಾ1’ ಜಾಗಕ್ಕೆ ಎಚ್1ರಲ್ಲಿ ಬರೆದಿರುವುದನ್ನು ಕೊಡಿ.

ಇನ್ನು ತಪ್ಪುಗಳ ವಿಷಯ. ಆ ಊರಿನವರು ಒಬ್ಬರೂ ಇಲ್ಲದಿದ್ದರೆ ಫಿಲ್ಟರ್ ಏನೂ ಅನ್ನುವುದಿಲ್ಲ, ಸುಮ್ನೆ ಖಾಲಿ ತೋರಿಸುತ್ತದೆ. ಆದರೆ ತಲೆಸಾಲು ಬಿಟ್ಟು, ಕಾಣುವ ಸಾಲುಗಳನ್ನು ‘ಸ್ಪೆಷಲ್‌ಸೆಲ್ಸ್’ನಿಂದ ಹಿಡಿಯಲು ಹೋದರೆ 1004ನೇ ನಂಬರಿನ ಎರರ್ ಬಂದು ಎಲ್ಲ ನಿಲ್ಲುತ್ತದೆ. ಇದಕ್ಕೆ ಹಲವರು ಮಾಡುವ ಮದ್ದು, ಕೋಡಿನ ತಲೆಯ ಮೇಲೆಯೇ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ (ತಪ್ಪು ಬಂದರೂ ನಿಲ್ಲದೆ ಮುಂದಿನ ಸಾಲಿಗೆ ಹೋಗು) ಹಾಕಿಬಿಡುವುದು. ನಾನೂ ಹಾಕಿದ್ದೆ. ಎರರ್ ಕಾಣಿಸಲಿಲ್ಲ ನಿಜ, ಆದರೆ ಹಿಂದಿನ ದಿನದ ಹೆಸರುಗಳು ಹಾಗೇ ಉಳಿದು ಪ್ರಿಂಟ್ ಆದವು. ದುಡ್ಡಿನ ಪಟ್ಟಿಯಲ್ಲಿ ಇದಕ್ಕಿಂತ ಎರರ್ ಬಂದು ನಿಲ್ಲುವುದೇ ವಾಸಿ.

ಸರಿಯಾದ ದಾರಿ ಹೀಗಿದೆ. ಪಟ್ಟಿ ಬೀಳುವ ಶೀಟನ್ನು ಮೊದಲೇ ಖಾಲಿ ಮಾಡಿ. ‘ರೆಸ್ಯೂಮ್ ನೆಕ್ಸ್ಟ್’ ಅನ್ನು ಆ ‘ಸ್ಪೆಷಲ್‌ಸೆಲ್ಸ್’ ಸಾಲಿಗೆ ಸ್ವಲ್ಪ ಮೊದಲು, ಅದರ ಮೇಲಿನ ಸಾಲಿನಲ್ಲಿ ಮಾತ್ರ ಹಾಕಿ, ಸಿಕ್ಕಿದ್ದನ್ನು ಒಂದು ವೇರಿಯಬಲ್‌ಗೆ (ಕೋಡ್ ನೆನಪಿಟ್ಟುಕೊಳ್ಳಲು ನಾವು ಹೆಸರಿಟ್ಟ ಜಾಗ) ಸೆಟ್ ಮಾಡಿ. ಮುಂದಿನ ಸಾಲಿನಲ್ಲೇ ‘ರೆಸ್ಯೂಮ್ ನೆಕ್ಸ್ಟ್’ ಅನ್ನು ರದ್ದು ಮಾಡಿ. ವೇರಿಯಬಲ್ ‘ನಥಿಂಗ್’ (ಏನೂ ಸಿಗದೆ ಖಾಲಿ) ಆಗಿದ್ದರೆ ‘ಈ ಊರಿನವರು ಯಾರೂ ಇಲ್ಲ’ ಎಂಬ ಸಂದೇಶ ತೋರಿಸಲಿ, ಇದ್ದರೆ ಕಾಪಿ ಮಾಡಲಿ. ಈ ಸಂದೇಶದ ಕನ್ನಡವನ್ನೂ ಕೋಡಿನೊಳಗೆ ಬರೆಯುವಂತಿಲ್ಲ. ಸಂದೇಶದ ಪೆಟ್ಟಿಗೆಯಲ್ಲೂ ಕನ್ನಡ ಕೆಡುವುದರಿಂದ ಎಚ್2 ಕೋಶದಲ್ಲಿ ಒಂದು ಸೂತ್ರ ಹಾಕಿ ತೋರಿಸುವುದು ಮೇಲು.

ಮಿಕ್ಕ ತಪ್ಪುಗಳಿಗೆ ಮೇಲೆ ‘ಆನ್ ಎರರ್ ಗೋಟು’ ಬರೆದು ಕೊನೆಯ ಲೇಬಲ್‌ಗೆ (ಕೋಡಿನ ಕೊನೆಯಲ್ಲಿ ನಾವು ಹೆಸರಿಟ್ಟ ಜಾಗ) ಕಳಿಸಿ. ಲೇಬಲ್‌ಗಿಂತ ಮೇಲಿನ ಸಾಲಿನಲ್ಲಿ ‘ಎಕ್ಸಿಟ್ ಸಬ್’ ಮರೆಯಬೇಡಿ. ಮರೆತರೆ ಎಲ್ಲ ಸರಿಯಿದ್ದಾಗಲೂ ತಪ್ಪಿನ ಸಂದೇಶ ಬರುತ್ತದೆ. ಲೇಬಲ್‌ನಲ್ಲಿ ಎರರ್ ನಂಬರ್ ತೋರಿಸಿ. ಮಧ್ಯದ ‘ರೆಸ್ಯೂಮ್ ನೆಕ್ಸ್ಟ್’ ರದ್ದು ಮಾಡುವಾಗ ‘ಆನ್ ಎರರ್ ಗೋಟು’ ಮುಂದೆ ಸೊನ್ನೆ ಹಾಕಿದರೆ ಈ ಲೇಬಲ್ಲಿನ ಕಾವಲೂ ಹೋಗುತ್ತದೆ, ಅದಕ್ಕೆ ಅಲ್ಲಿ ಲೇಬಲ್ಲಿನ ಹೆಸರನ್ನೇ ಮತ್ತೆ ಬರೆಯಿರಿ.

ಫಿಲ್ಟರ್ ತೆಗೆಯಲು ‘ಶೋಆಲ್‌ಡೇಟಾ’ ಬೇಡ, ಫಿಲ್ಟರ್ ಇಲ್ಲದಿದ್ದಾಗ ಅದೇ ಎರರ್ ಕೊಡುತ್ತದೆ. ‘ಆಟೋಫಿಲ್ಟರ್‌ಮೋಡ್’ ಅನ್ನು ಫಾಲ್ಸ್ ಮಾಡಿ.

ಕೊನೆಗೆ ಎಚ್1ರಲ್ಲಿ ಬೇಕಂತಲೇ ಪಟ್ಟಿಯಲ್ಲಿಲ್ಲದ ಊರು ಬರೆದು, ಆಲ್ಟ್ ಎಫ್8 ಒತ್ತಿ ಓಡಿಸಿ. ಪಟ್ಟಿ ಬೀಳುವ ಶೀಟ್ ಖಾಲಿ ಇದ್ದು, ಮೂಲ ಪಟ್ಟಿ ಪೂರ್ತಿ ಕಂಡರೆ ಸಾಹುಕಾರರ ಮುಂದೆ ಇಡಬಹುದು.