ಮೀನೆಣ್ಣೆಯ ಬದಲು ಪಾಚಿಯ ಎಣ್ಣೆ: ಸಾಲ್ಮನ್ ಮೇವು ತಯಾರಾಗುವುದು ಹೀಗೆ

ಮಳೆಗಾಲ ಕಳೆದ ಮೇಲೆ ಮಂಜೇಶ್ವರ, ಕುಂಬಳೆಯ ಮಾರ್ಕೆಟಿಗೆ ಬರುವ ಬೂತಾಯಿಯ ರುಚಿಯೇ ಬೇರೆ. ಸಾರು ಕುದಿಸಿ ಕೆಳಗಿಳಿಸಿದರೆ ಕೆಂಪು ಮಸಾಲೆಯ ಮೇಲೆ ಹಳದಿ ಎಣ್ಣೆಯ ಪದರ ತೇಲುತ್ತದೆ. ನಾವು ಹಾಕಿದ್ದಲ್ಲ, ಮೀನೇ ಬಿಟ್ಟದ್ದು. ಡಾಕ್ಟರು ಹೇಳುವ ಒಮೆಗಾ-3 ಇರುವುದು ಅದರಲ್ಲೇ. ಆದರೆ ಇಪಿಎ, ಡಿಎಚ್‌ಎ ಎಂಬ ಆ ಕೊಬ್ಬಿನಲ್ಲಿ ಹೆಚ್ಚಿನದು ಬೂತಾಯಿ ತಿಂದು ಗಳಿಸಿದ್ದು. ಅದನ್ನು ತಯಾರಿಸುವುದು ಕಡಲಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ.

ಸಾಲ್ಮನ್ ಎಂಬ ತಣ್ಣೀರಿನ ಮೀನು ಸಾಕುವವರು ಈ ಮೂಲಕ್ಕೆ ಬಂದು ತಲುಪಲು ಬಹಳ ವರ್ಷ ಬೇಕಾಯಿತು. 1990ರಲ್ಲಿ ನಾರ್ವೆಯ ಸಾಲ್ಮನ್ ಮೇವಿನಲ್ಲಿ ಸುಮಾರು ಶೇ 90 ಭಾಗ ಮೀನಿನ ಹುಡಿ ಮತ್ತು ಮೀನೆಣ್ಣೆಯೇ ಇತ್ತು. 2020ರ ಹೊತ್ತಿಗೆ ಅದು ಶೇ 22ರ ಆಸುಪಾಸಿಗೆ ಇಳಿಯಿತು. ಸೋಯಾ, ಸಾಸಿವೆ ಬಳಗದ ರೇಪ್‌ಸೀಡ್‌ನ ಎಣ್ಣೆ ಆ ಜಾಗಕ್ಕೆ ಬಂದವು. ಮೀನು ಚೆನ್ನಾಗಿಯೇ ಬೆಳೆಯಿತು, ಆದರೆ ಮಾಂಸದ ಒಮೆಗಾ-3 ಕುಸಿಯಿತು. ಸ್ಕಾಟ್ಲೆಂಡಿನ ಸಾಲ್ಮನ್‌ನಲ್ಲಿ 2006ರಿಂದ 2015ರ ನಡುವೆ ಅದು ಅರ್ಧಕ್ಕೆ ಬಂತು. ಮೀನೆಣ್ಣೆಯೇ ಹಾಕೋಣ ಅಂದರೆ ಅದು ಬೇಕಾದಷ್ಟು ಸಿಗುವುದಿಲ್ಲ. 2023ರಲ್ಲಿ ಪೆರುವಿನಲ್ಲಿ ಎಣ್ಣೆಗಾಗಿ ಹಿಡಿಯುವ ಆಂಚೋವಿ ಎಂಬ ಸಣ್ಣ ಮೀನಿನ ಮೊದಲ ಸೀಸನ್ನೇ ರದ್ದಾಗಿ, ಎಣ್ಣೆಯ ಬೆಲೆ ಗಗನಕ್ಕೇರಿತು.

ಹಾಗಾದರೆ ಪಾಚಿಯ ಎಣ್ಣೆ ಮೇವಿಗೆ ಸೇರುವುದು ಹೇಗೆ? ಮೊದಲು ಸರಿಯಾದ ಜೀವಿಯನ್ನು ಆರಿಸಬೇಕು. ಇದಕ್ಕೆ ಹೆಚ್ಚಾಗಿ ಬಳಸುವುದು ಸ್ಕೈಜೋಕೈಟ್ರಿಯಂ. ವ್ಯಾಪಾರದಲ್ಲಿ ಪಾಚಿ ಎಂದೇ ಕರೆದರೂ ಇದಕ್ಕೆ ಹಸಿರು ಬಣ್ಣವಿಲ್ಲ, ಬಿಸಿಲೂ ಬೇಡ. ಇದರ ಬಳಗದವು ಕಾಂಡ್ಲಾ ಕಾಡಿನಲ್ಲಿ ಕೊಳೆಯುವ ಎಲೆಗಳ ಮೇಲೆ ಬದುಕುತ್ತವೆ.

ಮುಂದಿನದು ದೊಡ್ಡ ಉಕ್ಕಿನ ಟ್ಯಾಂಕಿನ ಕೆಲಸ. ನೀರು, ಉಪ್ಪು, ಸಕ್ಕರೆ, ಸಾರಜನಕದ ಪೋಷಕ ಹಾಕಿ, ಈ ಜೀವಿಯನ್ನು ಬಿಟ್ಟು, ಗಾಳಿ ಊದುತ್ತಾ ಕಲಕುತ್ತಾರೆ. ದೋಸೆ ಹಿಟ್ಟಿನಲ್ಲಾದರೆ ಹತ್ತಾರು ಸೂಕ್ಷ್ಮಜೀವಿಗಳು ಸೇರಿ ಹುಳಿ ಬರಿಸುತ್ತವೆ. ಇಲ್ಲಿ ಬೇರೆ ಒಂದೇ ಒಂದು ಜಾತಿ ಹೊಕ್ಕರೂ ಇಡೀ ಟ್ಯಾಂಕ್ ಹಾಳು. ಜೀವಿ ಸಾಕಷ್ಟು ಹೆಚ್ಚಿದ ಮೇಲೆ ಸಾರಜನಕ ಕಡಿಮೆ ಮಾಡಿ ಸಕ್ಕರೆ ಮಾತ್ರ ಕೊಡುತ್ತಾರೆ. ಆಗ ಅದಕ್ಕೆ ಒಡೆದು ಎರಡಾಗಲು ಆಗುವುದಿಲ್ಲ. ತಿಂದದ್ದನ್ನೆಲ್ಲ ಎಣ್ಣೆ ಮಾಡಿ ಒಳಗೇ ಕೂಡಿಡುತ್ತದೆ. ಒಣಗಿಸಿ ತೂಗಿದರೆ ಅರ್ಧಕ್ಕೂ ಜಾಸ್ತಿ ಎಣ್ಣೆಯೇ ಇರಬಹುದು.

ನಂತರ ಕೋಶ ಒಡೆದು ಎಣ್ಣೆ ಬೇರ್ಪಡಿಸುತ್ತಾರೆ. ಇಡೀ ಕೋಶವನ್ನೇ ಒಣಗಿಸಿ ಹುಡಿಯಾಗಿ ಬಳಸುವುದೂ ಉಂಟು. ಈ ಎಣ್ಣೆಗೆ ಗಾಳಿ ತಾಗಿದರೆ ಬೇಗ ಕಮಟು ಹಿಡಿಯುತ್ತದೆ. ಹಾಗಾಗಿ ಅದನ್ನು ತಡೆಯುವ ಪದಾರ್ಥ ಬೆರೆಸಿಯೇ ಇಡಬೇಕು.

ಈಗ ಲೆಕ್ಕ. ಸಾಲ್ಮನ್‌ಗೆ ಶಕ್ತಿ ಕೊಡುವ ಎಣ್ಣೆ ಬಹುಪಾಲು ರೇಪ್‌ಸೀಡ್‌ನದ್ದೇ ಆಗಿರಬಹುದು. ಪಾಚಿ ಎಣ್ಣೆ ಒಮೆಗಾ-3ಕ್ಕೆ ಮಾತ್ರ. 1,000 ಕಿಲೋ ಮೇವಿನಲ್ಲಿ 20 ಕಿಲೋ ಇಪಿಎ-ಡಿಎಚ್‌ಎ ಬೇಕು ಅಂದುಕೊಳ್ಳಿ. ಶೇ 20 ಇರುವ ಮೀನೆಣ್ಣೆಯಾದರೆ 100 ಕಿಲೋ ಬೇಕು. ಶೇ 50 ಇರುವ ಪಾಚಿ ಎಣ್ಣೆಯಾದರೆ 40 ಕಿಲೋ ಸಾಕು. ಬೆಲೆ ನೋಡುವಾಗ ಲೀಟರಿಗೆ ಎಷ್ಟು ಎಂದು ಕೇಳದೆ, ಒಳಗಿನ ಒಮೆಗಾ-3 ಕಿಲೋಗೆ ಎಷ್ಟು ಬಿತ್ತು ಎಂದು ನೋಡಬೇಕು.

ನನಗೆ ಬಹಳ ಇಷ್ಟವಾದ ಹಂತ ಕೊನೆಯದು. ಬಿಸಿ ಯಂತ್ರದಿಂದ ಹೊರಬರುವ ಮೇವಿನ ಕಾಳಿನ ತುಂಬ ಸಣ್ಣ ಸಣ್ಣ ತೂತುಗಳು. ಕಾಳುಗಳನ್ನು ಮುಚ್ಚಿದ ಡ್ರಮ್ಮಿಗೆ ಹಾಕಿ ಗಾಳಿಯನ್ನೆಲ್ಲ ಎಳೆದು ತೆಗೆಯುತ್ತಾರೆ. ತೂತುಗಳೂ ಬರಿದಾಗುತ್ತವೆ. ಆಗ ಎಣ್ಣೆ ಚಿಮುಕಿಸಿ, ನಿಧಾನವಾಗಿ ಗಾಳಿ ಒಳಗೆ ಬಿಡುತ್ತಾರೆ. ನುಗ್ಗುವ ಗಾಳಿ ಎಣ್ಣೆಯನ್ನು ಕಾಳಿನ ಹೊಟ್ಟೆಯೊಳಕ್ಕೆ ತಳ್ಳುತ್ತದೆ, ಜಾಮೂನು ಪಾಕ ಕುಡಿದ ಹಾಗೆ. ಹೊರಗಿನಿಂದ ಸುಮ್ನೆ ಸವರಿದ್ದರೆ ಅಷ್ಟು ಎಣ್ಣೆ ನಿಲ್ಲುತ್ತಿರಲಿಲ್ಲ, ಕಡಲಲ್ಲೇ ತೊಳೆದುಹೋಗುತ್ತಿತ್ತು.

ತಣ್ಣೀರಿನ ಸಾಲ್ಮನ್ ನಮ್ಮ ಚಂದ್ರಗಿರಿ ಹೊಳೆಯಲ್ಲಿ ಬದುಕುವುದಿಲ್ಲ ನಿಜ. ಆದರೂ ಈ ವಿಷಯ ನಮಗೆ ಹತ್ತಿರದ್ದು. ಕೇರಳದ ಕರಾವಳಿಯಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಕಡಲಿನ ಬದಲಾವಣೆ ಇದಕ್ಕೆ ದೊಡ್ಡ ಕಾರಣ. ಅಂಥ ಹೊತ್ತಲ್ಲೂ ಬೆರಳುದ್ದದ ಮರಿಗಳು ಹುಡಿ ಮಾಡುವ ಮಿಲ್ಲಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 10 ಸೆಂಟಿಮೀಟರ್‌ಗಿಂತ ಸಣ್ಣ ಬೂತಾಯಿ ಹಿಡಿಯಬಾರದೆಂದು ಕೇರಳದಲ್ಲಿ ನಿಯಮವೇ ಇದೆ ಅಲ್ವಾ?

ಮೀನು ಸಾಕುವ ನಮ್ಮವರಿಗೆ ಒಂದೆರಡು ಮಾತು. ಸುರಂಗದ ನೀರು ಬೀಳುವ ಮದಕದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದರೆ ಪಾಚಿ ಎಣ್ಣೆಗೆ ದುಡ್ಡು ಹಾಕಬೇಡಿ. ಸಿಹಿನೀರಿನ ಈ ಮೀನುಗಳು ಗಿಡದ ಎಣ್ಣೆಯಿಂದಲೇ ತಮಗೆ ಬೇಕಾದಷ್ಟು ಒಮೆಗಾ-3 ಮಾಡಿಕೊಳ್ಳಬಲ್ಲವು. ಹಿನ್ನೀರಿನ ಪಂಜರದಲ್ಲಿ ಕಾಳಾಂಜಿ ಸಾಕುವವರ ವಿಷಯ ಬೇರೆ. ಅದಕ್ಕೆ ಮೇವಿನಿಂದಲೇ ಸಿಗಬೇಕು. ಮೇವಿನ ಚೀಲ ಕೊಳ್ಳುವಾಗ ಯಾವ ಎಣ್ಣೆ ಹಾಕಿದ್ದಾರೆ, ತಯಾರಾದ ದಿನ ಯಾವುದು ಎಂದು ಓದಿ. ಶೆಡ್ಡಿನ ನೆರಳಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ಚೀಲ ಬಿಚ್ಚಿದ ಕೂಡಲೇ ಒಂದು ಹಿಡಿ ತೆಗೆದು ಮೂಸಿ. ಹಸಿ ಮೀನಿನ ವಾಸನೆ ಬಂದರೆ ಸರಿ. ಹಳೇ ಕೊಬ್ಬರಿಯ ಕಮಟು ಬಂದರೆ ಆ ಚೀಲವನ್ನು ನೀರಿಗಿಳಿಸಬೇಡಿ, ಅಂಗಡಿಗೆ ವಾಪಸ್ ಕೊಡಿ.